ಹೊಸ ಟಿವಿ ಇಷ್ಟು ಬೇಗ ಹಳೇದಾಗುತ್ತಾ, ಅಥವಾ ನಮಗೆ ಹಾಗನ್ನಿಸೋ ಹಾಗೆ ಮಾಡ್ತಾರಾ?

ರಿಮೋಟ್_ಎಲ್ಲಿ:
ಹೋದ ವರ್ಷ 55 ಇಂಚಿನ 4ಕೆ ಟಿವಿ ತಗೊಂಡೆ, ಕಂಪನಿ ಹೆಸರು ಬೇಡ ಬಿಡಿ. ಆಗ ಇದಕ್ಕಿಂತ ಲೇಟೆಸ್ಟ್ ಇಲ್ಲ ಅಂದಿದ್ರು, ಈಗ ನೋಡಿದ್ರೆ ಹೆಚ್ಚುಕಮ್ಮಿ ಅದೇ ರೇಟಿಗೆ ಮಿನಿ ಎಲ್‌ಇಡಿ (ಪರದೆ ಹಿಂದೆ ಪುಟ್ಟ ಪುಟ್ಟ ದೀಪಗಳು), 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗೋದು), ಇನ್ನೂ ಏನೇನೋ ಬಂದಿದೆ. ಅದಾದ್ರೂ ಹೋಗ್ಲಿ ಅಂದ್ಕೊಳ್ಳೋಣ, ಆದ್ರೆ ನನ್ ಟಿವಿ ಈಗ್ಲೇ ಸ್ಲೋ. ಆಪ್ ಓಪನ್ ಮಾಡಿದ್ರೆ ಲೋಗೋ ತೋರಿಸ್ಕೊಂಡು ಕೂತಿರುತ್ತೆ, ರಿಮೋಟ್ ಒತ್ತಿದ್ರೆ ಏನೂ ಆಗಲ್ಲ, ಒತ್ತಿದ್ದು ತಗೊಂಡಿಲ್ವೇನೋ ಅಂತ ಇನ್ನೊಂದ್ಸಲ ಒತ್ತಿದ್ರೆ ಎರಡೂ ಒಟ್ಟಿಗೆ ಕೆಲಸ ಮಾಡಿ ಯಾವ್ದೋ ಬೇಡದ ಸಿನಿಮಾ ಶುರುವಾಗುತ್ತೆ. ಅಪ್ಪ ತಂದಿದ್ದ ಡಬ್ಬಾ ಟಿವಿ ನಾವು ಸ್ಕೂಲಿಂದ ಕಾಲೇಜಿಗೆ ಹೋಗೋವರೆಗೂ ಓಡ್ತು, ಒಂದು ದಿನಾನೂ "ಹಳೇ ಮಾಡೆಲ್" ಅಂತ ಯಾರಿಗೂ ಅನಿಸಿರ್ಲಿಲ್ಲ. ಈಗ ಯಾಕ್ ಹಿಂಗೆ? ಮುಂದಿನ ಸಲ 4ಕೆಗಿಂತ ನಾಲ್ಕು ಪಟ್ಟು ಪಿಕ್ಸೆಲ್ ಇರೋ 8ಕೆಗೆ ಕಾಯೋದು ಒಳ್ಳೇದಾ? ಗೊತ್ತಿರೋರು ಹೇಳಿ.

ತಂತಿ_ಮಾಂತ್ರಿಕ:
ಸಾರ್, ನಿಮ್ಮ ಟಿವಿ ಹಳೇದಾಗಿಲ್ಲ, ಅದರೊಳಗಿರೋ ಕಂಪ್ಯೂಟರ್ ಹಳೇದಾಗಿದೆ. ಇದು ಎರಡು ಬೇರೆಬೇರೆ ವಸ್ತು ಅಂತ ಮೊದ್ಲು ಮನಸ್ಸಲ್ಲಿ ಬೇರೆ ಮಾಡ್ಕೊಳ್ಳಿ. ಪ್ಯಾನೆಲ್, ಅಂದ್ರೆ ಪರದೆ, ಆರಾಮಾಗಿ ಎಷ್ಟೋ ವರ್ಷ ಬರುತ್ತೆ. ಆದ್ರೆ ಆಪ್ ಓಡಿಸೋ ಬೋರ್ಡ್‌ನಲ್ಲಿ ಕಂಪನಿಯವರು ಹಾಕೋದು ಸಾಧಾರಣ ಪ್ರೊಸೆಸರ್, ಬಹಳಷ್ಟು ಟಿವಿಗಳಲ್ಲಿ ಒಂದೂವರೆ ಎರಡು ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಸಿಸ್ಟಮ್ಮೇ ನುಂಗಿರುತ್ತೆ. ಆಪ್‌ಗಳು ಮಾತ್ರ ಪ್ರತಿ ಅಪ್‌ಡೇಟ್‌ಗೂ ದಪ್ಪ ಆಗ್ತಾನೇ ಹೋಗ್ತವೆ. ಟಿವಿ ಅಂಗಡಿಯಲ್ಲಿ ಮಾರಾಟ ಆಗೋದು ಪರದೆಯ ಬಣ್ಣ ನೋಡಿ, ಒಳಗಿನ ರ‍್ಯಾಮ್ ಎಷ್ಟು ಅಂತ ಯಾರೂ ಕೇಳಲ್ಲ, ಅದಕ್ಕೇ ಉಳಿತಾಯ ಮಾಡೋದೂ ಅಲ್ಲೇ.

ಸ್ಲೋ ಆಗೋದು ಒಂದ್ ಕಡೆ, ಪೂರ್ತಿ ನಿಂತೇ ಹೋಗಿರೋದೂ ಇದೆ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್‌ನವರು ತಮ್ಮ ಹಳೇ ಎಪಿಐ (ಆಪ್ ಯೂಟ್ಯೂಬ್ ಜೊತೆ ಮಾತಾಡೋ ದಾರಿ) ಮುಚ್ಚಿದಾಗ 2012 ಮತ್ತು ಅದಕ್ಕಿಂತ ಹಿಂದಿನ ಎಷ್ಟೋ ಸ್ಮಾರ್ಟ್ ಟಿವಿಗಳಲ್ಲಿ ಯೂಟ್ಯೂಬ್ ಆಪ್ ಸತ್ತೇ ಹೋಯ್ತು. 2019ರ ಡಿಸೆಂಬರ್‌ನಲ್ಲಿ ಹಳೇ ಸ್ಯಾಮ್‌ಸಂಗ್, ವಿಜಿಯೋ ಟಿವಿ ಕೆಲವಕ್ಕೆ ನೆಟ್‌ಫ್ಲಿಕ್ಸ್ ನಿಂತಿತು. ಪರದೆಗೆ ಏನೂ ಆಗಿರ್ಲಿಲ್ಲ, ಚೆನ್ನಾಗೇ ಇತ್ತು!

ಕೋಡೆಕ್‌ದೂ (ವಿಡಿಯೋ ಕುಗ್ಗಿಸಿ ಕಳಿಸಿ ಮತ್ತೆ ಬಿಚ್ಚೋ ವಿಧಾನ) ಇದೇ ಕಥೆ. 2018ರಲ್ಲಿ ಎವಿ1 ಅನ್ನೋ ಹೊಸ ಕೋಡೆಕ್ ಬಂತು, ಕಮ್ಮಿ ಡೇಟಾದಲ್ಲಿ ಒಳ್ಳೇ ಪಿಕ್ಚರ್ ಕೊಡುತ್ತೆ, ಆದ್ರೆ ಅದನ್ನ ಬಿಚ್ಚೋ ಸರ್ಕ್ಯೂಟ್ ಚಿಪ್‌ನಲ್ಲೇ ಇರ್ಬೇಕು, ಆಮೇಲೆ ಅಪ್‌ಡೇಟ್ ಕೊಟ್ಟು ತುಂಬ್ಸೋಕೆ ಆಗಲ್ಲ.

ಹಾಗಾಗಿ ಹೊಸ ಟಿವಿ ಬೇಡ, ಒಂದು ಒಳ್ಳೇ ಸ್ಟ್ರೀಮಿಂಗ್ ಸ್ಟಿಕ್ಕೋ ಬಾಕ್ಸೋ ತಂದು ಟಿವಿಯ ಎಚ್‌ಡಿಎಂಐ ಪೋರ್ಟ್‌ಗೆ ಚುಚ್ಚಿ. ಟಿವಿ ಒಳಗಿನ ಸ್ಮಾರ್ಟ್ ಅನ್ನೋದನ್ನ ಮರೆತುಬಿಡಿ, ಬೇಕಿದ್ರೆ ಟಿವಿಯ ವೈಫೈನೇ ಕಿತ್ತಾಕಿ, ಹೋಂ ಸ್ಕ್ರೀನಿನ ಜಾಹೀರಾತಿನ ಕಾಟಾನೂ ಕಮ್ಮಿ ಆಗುತ್ತೆ.

ಗೇಮರ್_ಗುಂಡ:
ಮೇಲಿನವರು ಹೇಳಿದ್ದು ಆಪ್ ವಿಷಯಕ್ಕೆ ಸರಿ, ಆದ್ರೆ ಎಲ್ಲದಕ್ಕೂ ಸ್ಟಿಕ್ ಚುಚ್ಚಿ ಅಂದ್ರೆ ಆಗಲ್ಲ ಗುರೂ. ಪೋರ್ಟ್‌ಗೆ ಏನ್ ಮಾಡ್ತೀರಾ? ಎಚ್‌ಡಿಎಂಐ 2.0ರಲ್ಲಿ ಹರಿಯೋದು ಸೆಕೆಂಡಿಗೆ 18 ಗಿಗಾಬಿಟ್, ಪೂರ್ತಿ ಬಣ್ಣದ ಮಾಹಿತಿ ಸಮೇತ 4ಕೆ 120 ಹರ್ಟ್ಜ್ ಅದ್ರಲ್ಲಿ ಹಿಡಿಸೋದೇ ಇಲ್ಲ. 2.1ರಲ್ಲಿ 48ರವರೆಗೂ ಹೋಗುತ್ತೆ. 2.1 ಸ್ಪೆಕ್ ಬಂದಿದ್ದು 2017ರಲ್ಲಿ, 4ಕೆ 120 ಕೊಡೋ ಗೇಮ್ ಕನ್ಸೋಲ್‌ಗಳಾದ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಿದ್ದು 2020ರ ನವೆಂಬರ್, ಆ ಹೊತ್ತಿಗೂ ಅಂಗಡಿಯಲ್ಲಿದ್ದ ಬಹುಪಾಲು ಟಿವಿ 2.0ನೇ. ಅಂದ್ರೆ ಬಾಕ್ಸ್ ಬಿಚ್ಚಿದ ದಿನಾನೇ ಹಳೇದು, ಗೇಮ್ ಆಡೋರಿಗೆ.

ಇನ್ನೊಂದು ಮೋಸ ಕೇಳಿ. 2.0 ಅನ್ನೋ ಹೆಸರೇ ಇನ್ಮುಂದೆ ಬೇಡ, ಅದೂ 2.1ರ ಒಳಗೇ ಸೇರಿದ್ದು ಅಂತ ಎಚ್‌ಡಿಎಂಐ ಲೈಸೆನ್ಸ್ ಕೊಡೋರೇ 2021ರ ಕೊನೆಗೆ ಹೇಳಿಬಿಟ್ರು, 2.1ರ ಹೊಸ ಫೀಚರ್‌ಗಳೆಲ್ಲಾ ಐಚ್ಛಿಕವಂತೆ! ಹಾಗಾಗಿ ಡಬ್ಬದ ಮೇಲೆ 2.1 ಅಂತಿದ್ರೆ ನಂಬ್ಕೊಂಡು ತರ್ಬೇಡಿ, 4ಕೆ 120 ತಗೊಳುತ್ತಾ, ಎಷ್ಟು ಪೋರ್ಟ್‌ನಲ್ಲಿ ತಗೊಳುತ್ತಾ, ವಿಆರ್‌ಆರ್ (ಗೇಮಿನ ವೇಗಕ್ಕೆ ತಕ್ಕ ಹಾಗೆ ಪರದೆಯ ಹರ್ಟ್ಜ್ ಬದಲಾಗೋದು) ಇದೆಯಾ ಅಂತ ನೇರವಾಗಿ ಕೇಳಿ. "ಮೋಷನ್ 240" ಥರದ್ದೆಲ್ಲಾ ಕಣ್ಕಟ್ಟು, ಒಳಗಿನ ಪ್ಯಾನೆಲ್ 60 ಹರ್ಟ್ಜ್ ಇರ್ಬಹುದು.

ರಿಮೋಟ್_ಎಲ್ಲಿ:
ಗೇಮ್ ಆಡಲ್ಲ, ಸೀರಿಯಲ್ಲು, ಕ್ರಿಕೆಟ್ಟು, ಸಿನಿಮಾ ಅಷ್ಟೆ. ಸೋಫಾದಿಂದ ಟಿವಿಗೆ 8 ಅಡಿ. 8ಕೆ ಬಗ್ಗೆ ಯಾರೂ ಹೇಳ್ಲಿಲ್ಲ?

ಲೆಕ್ಕದ_ಮೇಷ್ಟ್ರು:
8 ಅಡಿ ಅಂದ್ರೆ ಸುಮಾರು 2.4 ಮೀಟರ್. ಸಾಮಾನ್ಯ ಒಳ್ಳೇ ದೃಷ್ಟಿಗೆ ಒಂದು ಆರ್ಕ್ ಮಿನಿಟ್ (ಒಂದು ಡಿಗ್ರಿಯಲ್ಲಿ 60ನೇ ಒಂದು ಭಾಗ) ಕೋನದವರೆಗೆ ಬೇರೆಬೇರೆ ಕಾಣುತ್ತೆ ಅಂತ ಲೆಕ್ಕ ಹಿಡಿದ್ರೆ, 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ ಪಿಕ್ಸೆಲ್‌ಗಳೇ 2.2 ಮೀಟರ್ ಆಚೆ ಬೇರೆಬೇರೆ ಕಾಣಲ್ಲ. 4ಕೆಯ ಪೂರ್ತಿ ಲಾಭ ಬೇಕಂದ್ರೆ 1.1 ಮೀಟರ್‌ಗೆ ಬರ್ಬೇಕು, 8ಕೆಗೆ ಅರ್ಧ ಮೀಟರ್‌ಗೆ. ಟಿವಿಗೆ ಮೂಗು ತಾಗಿಸ್ಕೊಂಡು ಕ್ರಿಕೆಟ್ ನೋಡೋದಾದ್ರೆ 8ಕೆ ತಗೊಳ್ಳಿ 😄 ಅದೂ ಅಲ್ದೆ 8ಕೆಯಲ್ಲಿ ತೋರಿಸೋ ಸಿನಿಮಾ, ಚಾನೆಲ್ ಎಲ್ಲಿದೆ?

3ಡಿ ನೆನಪಿದೆಯಾ? 2010ರಲ್ಲಿ 3ಡಿ ಇಲ್ದಿದ್ರೆ ಅದು ಟಿವಿನೇ ಅಲ್ಲ ಅನ್ನೋ ಹಾಗೆ ಮಾರಿದ್ರು, 2017ಕ್ಕೆ ಸೋನಿ, ಎಲ್‌ಜಿನೂ ಕೈಬಿಟ್ರು. ಆ ಕನ್ನಡಕ ಯಾವ ಡ್ರಾಯರ್‌ನಲ್ಲಿದೆಯೋ. ಪ್ಲಾಸ್ಮಾ ಟಿವಿದು ಇದಕ್ಕೆ ಉಲ್ಟಾ, ದೊಡ್ಡ ಕಂಪನಿಗಳು 2013-14ರಲ್ಲೇ ತಯಾರಿಕೆ ನಿಲ್ಲಿಸಿದ್ವು, ಆದ್ರೂ ಇದ್ದೋರು ಅದರ ಕಪ್ಪಿನ ಆಳಕ್ಕೋಸ್ಕರ ವರ್ಷಗಟ್ಟಲೆ ಬಿಡ್ಲಿಲ್ಲ. ಮಾರ್ಕೆಟ್‌ನಲ್ಲಿ ಹಳೇದಾಗೋದು, ಕಣ್ಣಿಗೆ ಹಳೇದಾಗೋದು ಒಂದೇ ಅಲ್ಲ.

ಕಣ್ಣಿಗೆ ನಿಜವಾಗ್ಲೂ ವ್ಯತ್ಯಾಸ ಕಾಣೋದು ಎಚ್‌ಡಿಆರ್‌ನಲ್ಲಿ (ಬೆಳಕು, ಕತ್ತಲೆ ಎರಡನ್ನೂ ಇನ್ನೂ ಹೆಚ್ಚು ವ್ಯಾಪ್ತಿಯಲ್ಲಿ ತೋರ್ಸೋದು), ಅದೂ ಬ್ರೈಟ್‌ನೆಸ್ ಇದ್ರೆ. 300 ನಿಟ್ಸ್ (ಬ್ರೈಟ್‌ನೆಸ್ ಅಳೆಯೋ ಮಾನ) ದಾಟದ ಪ್ಯಾನೆಲ್ ಕೂಡ "ಎಚ್‌ಡಿಆರ್" ಅಂತ ಬರ್ಕೊಳುತ್ತೆ, ಸಿಗ್ನಲ್ ತಗೊಳುತ್ತೆ ನಿಜ, ತೋರ್ಸೋಕೆ ಅದರ ಕೈಲಾಗಲ್ಲ. ಮಿನಿ ಎಲ್‌ಇಡಿ ನೋಡಿ ಹೊಟ್ಟೆ ಉರೀತಿದ್ರೆ ಅದಕ್ಕೆ ಅರ್ಥ ಇದೆ, 144 ಹರ್ಟ್ಜ್ ನೋಡಿ ಉರ್ಕೋಬೇಡಿ.

ನಿದ್ದೆಗಣ್ಣ:
ನಾನಂತೂ ಟಿವಿಯಲ್ಲಿ ಅಪ್‌ಡೇಟೇ ಆಫ್ ಮಾಡಿಟ್ಟಿದೀನಿ, ಹೊಸ ಅಪ್‌ಡೇಟ್ ಬಂದ್ರೆ ಇನ್ನೂ ಸ್ಲೋ ಆಗೋದು ಗ್ಯಾರಂಟಿ.

ತಂತಿ_ಮಾಂತ್ರಿಕ:
@ನಿದ್ದೆಗಣ್ಣ ನೆಟ್‌ಗೆ ಕನೆಕ್ಟ್ ಆಗಿಲ್ಲ ಅಂದ್ರೆ ಓಕೆ. ನೆಟ್‌ನಲ್ಲಿಟ್ಕೊಂಡು ಸೆಕ್ಯುರಿಟಿ ಪ್ಯಾಚ್ ಬೇಡ ಅನ್ನೋದು ಒಳ್ಳೇದಲ್ಲ. ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತೆ ಅಂತ ಈಗೀಗ ಕಂಪನಿಗಳೂ ಬಾಯ್ಬಿಡ್ತಿವೆ: 2024ರಲ್ಲಿ ಸ್ಯಾಮ್‌ಸಂಗ್ ತನ್ನ ಹೊಸ ಮಾಡೆಲ್‌ಗಳ ಟೈಜನ್‌ಗೆ (ಟಿವಿಯ ಆಪರೇಟಿಂಗ್ ಸಿಸ್ಟಮ್) 7 ವರ್ಷ ಅಂತು, ಎಲ್‌ಜಿ 5 ವರ್ಷದಲ್ಲಿ 4 ಸಲ ತನ್ನ ಸಿಸ್ಟಮ್ ವೆಬ್‌ಒಎಸ್ ಅಪ್‌ಗ್ರೇಡ್ ಅಂತು. ಮುಂದಿನ ಟಿವಿ ತಗೊಳ್ಳುವಾಗ ಇದನ್ನ ಕೇಳಿ.

@ರಿಮೋಟ್_ಎಲ್ಲಿ ಸ್ಟಿಕ್ ತಂದ್ರೆ ಎರಡು ವಿಷಯ. ಟಿವಿ ಹಿಂದಿನ ಯುಎಸ್‌ಬಿಯಿಂದ ಅದಕ್ಕೆ ಪವರ್ ಕೊಡ್ಬೇಡಿ, ಬಹಳ ಟಿವಿಗಳಲ್ಲಿ ಅದು ಅರ್ಧ ಆಂಪಿಯರ್ ಅಷ್ಟೇ ಕೊಡೋದು, ಸ್ಟಿಕ್ ಮಧ್ಯೆ ಮಧ್ಯೆ ರೀಸ್ಟಾರ್ಟ್ ಆಗುತ್ತೆ, ಜೊತೆಗೆ ಬಂದಿರೋ ಅಡಾಪ್ಟರ್ರೇ ಹಾಕಿ. ಎಷ್ಟೋ ಟಿವಿಯಲ್ಲಿ ಪೋರ್ಟ್‌ನ ಸೆಟ್ಟಿಂಗ್ ಹಳೇ ಮೋಡ್‌ನಲ್ಲೇ ಬಂದಿರುತ್ತೆ, ಮೆನುಗೆ ಹೋಗಿ ಆ ಎಚ್‌ಡಿಎಂಐಗೆ ಎನ್‌ಹಾನ್ಸ್ಡ್ ಅಂತ ಆನ್ ಮಾಡಿ, ಇಲ್ಲಾಂದ್ರೆ 4ಕೆ ಎಚ್‌ಡಿಆರ್ ಬರಲ್ಲ.

ರಿಮೋಟ್_ಎಲ್ಲಿ:
ಈಗ್ಲೇ ಮೆನು ನೋಡ್ದೆ, ಮೂರು ಪೋರ್ಟೂ "ಸ್ಟ್ಯಾಂಡರ್ಡ್" ಅಂತಿದೆ! ಸೆಟ್‌ಟಾಪ್ ಬಾಕ್ಸ್ ಹಾಕಿರೋದನ್ನೂ ಚೇಂಜ್ ಮಾಡ್ಬಹುದಾ?

ತಂತಿ_ಮಾಂತ್ರಿಕ:
ಎಚ್‌ಡಿ ಬಾಕ್ಸ್ ಆದ್ರೆ ಸ್ಟ್ಯಾಂಡರ್ಡ್‌ನಲ್ಲೇ ಇರ್ಲಿ, ಕೆಲವು ಹಳೇ ಬಾಕ್ಸ್‌ಗಳು ಎನ್‌ಹಾನ್ಸ್ಡ್‌ನಲ್ಲಿ ಪಿಕ್ಚರ್ರೇ ಕೊಡಲ್ಲ. ಸ್ಟಿಕ್ ಹಾಕೋ ಪೋರ್ಟ್ ಮಾತ್ರ ಬದಲಾಯಿಸಿ.