ಎರೆ ಮಣ್ಣಿನ ಹಿತ್ತಲು: ಬಿಸಿಲು ಏರುವ ಮೊದಲು ಗಿಡಗಳಿಗೆ ಏನು ಮಾಡುತ್ತೀರಿ?

ಕೇಳಿದ್ದು: ಮೈಸೂರಿನಿಂದ ಕಲಬುರಗಿಗೆ ಬಂದ ಮೇಲೆ ಇದು ನಮ್ಮ ಮೊದಲ ಬೇಸಿಗೆ. ಮನೆ ಹಿಂದೆ ಕರಿ ಎರೆ ಮಣ್ಣು. ಕರಿಬೇವು, ನಿಂಬೆ, ದಾಸವಾಳ, ದುಂಡು ಮಲ್ಲಿಗೆ ಇವೆ. ಶಿವರಾತ್ರಿ ಆಗುತ್ತಿದ್ದಂತೆ ಎಲೆ ಹಳದಿಯಾಗುತ್ತಿವೆ. ನೀರು ಜಾಸ್ತಿ ಮಾಡಲಾ? ಗೊಬ್ಬರ ಹಾಕಲಾ?

ಕಲಬುರಗಿಯಿಂದ: ತಂಗಿ, ಎರಡನ್ನೂ ಸ್ವಲ್ಪ ತಡೆಯಿರಿ. ಮೊದಲು ಯಾವ ಎಲೆ ಹಳದಿ ಅಂತ ನೋಡಿ. ಕೆಳಗಿನ ಹಳೇ ಎಲೆ ಹಳದಿಯಾಗಿ ಉದುರಿ, ತುದಿಯಲ್ಲಿ ಚಿಗುರು ಬರುತ್ತಿದ್ದರೆ ಅದು ಈ ಕಾಲದ ಸಹಜ ಕೆಲಸ. ಬೇವಿನ ಮರವೂ ಈಗ ಹಾಗೇ ಎಲೆ ಉದುರಿಸುತ್ತದೆ. ಹೊಸ ಚಿಗುರೇ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಬೇರೆ ಮಾತು. ನಮ್ಮ ಎರೆಯಲ್ಲಿ ಸುಣ್ಣದ ಅಂಶ ಜಾಸ್ತಿ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ), ನಾಲ್ಕು ಹನಿ ನಿಂಬೆರಸ ಸೇರಿಸಿ, ಸಂಜೆ ಎಲೆಗೆ ಸಿಂಪಡಿಸಿ.

ನೀರಿನ ವಿಷಯದಲ್ಲಿ ಎರೆ ಮಣ್ಣು ಕಣ್ಣಿಗೆ ಮೋಸ ಮಾಡುತ್ತದೆ. ಮೇಲೆ ಬಿರುಕು ಬಿಟ್ಟಿರುತ್ತದೆ, ಒಂದು ಗೇಣು ಕೆಳಗೆ ಇನ್ನೂ ಹಸಿ ಇರುತ್ತದೆ. ಕಡ್ಡಿ ಚುಚ್ಚಿ ನೋಡಿ. ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಬಿರುಕನ್ನು ಮಾತ್ರ ಹಾಗೇ ಬಿಡಬೇಡಿ, ಬೇರು ಹರಿಯುತ್ತವೆ. ಖುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ ಮುಚ್ಚಿಬಿಡಿ.

ಸೇಡಂನಿಂದ: ಆಮೇಲೆ ತೊಗರಿ ಹೊಟ್ಟು ಹೊದಿಸಿ. ರಾಶಿ ಮುಗಿದಿರುವುದರಿಂದ ಈಗ ಸಿಗುತ್ತದೆ. ದನಕ್ಕೂ ಬೇಕಾದದ್ದು, ಹಾಗಾಗಿ ಎಲ್ಲರೂ ಕೊಡುವುದಿಲ್ಲ. ಕೊಟ್ಟರೆ ಎರಡು ಇಂಚು ದಪ್ಪ ಹಾಸಿ. ಬುಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ಇದರ ಬೆಲೆ ಗೊತ್ತಾಗುತ್ತದೆ. ಟೊಮೆಟೊ ಸಸಿ ಈಗ ಹಚ್ಚಬೇಡಿ. 35 ಡಿಗ್ರಿ ಮೇಲೆ ಹೂವು ಉದುರುತ್ತವೆ. ಬೆಂಡಿ, ಚವಳಿ (ಗೋರಿಕಾಯಿ), ಪುಂಡಿ ಪಲ್ಯ (ಗೋಂಗುರ ಸೊಪ್ಪು) ಹಾಕಿ. ಹೀರೆ ಹಾಕಿದರೆ ಹಬ್ಬಲಿಕ್ಕೆ ತೊಗರಿ ಕಟ್ಟಿಗೆ ಸಾಕು.

ಬೀದರಿನಿಂದ: ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು. ನೀರು ಬೇಗ ಇಳಿದು ಹೋಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪ ಮೇಲಿಂದ ಮೇಲೆ ಕೊಡುತ್ತೇವೆ. ಕುಂಡದ ಗಿಡಕ್ಕೂ ಅದೇ ಲೆಕ್ಕ. ಅಕ್ಕಾ, ದಾಸವಾಳದ ಮೇಲೆ ಇರುವೆ ಸಾಲು ಕಂಡರೆ ಎಲೆ ತಿರುಗಿಸಿ ನೋಡಿ. ಹೆಚ್ಚಾಗಿ ಬಿಳಿ ಹಿಟ್ಟು ತಿಗಣೆ ಇರುತ್ತದೆ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಹೋಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು. ಬಿಸಿಲಲ್ಲಿ ಹೊಡೆಯಬೇಡಿ, ಎಲೆ ಸುಡುತ್ತದೆ. ನಿಂಬೆ, ಕರಿಬೇವಿನ ಚಿಗುರಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಚಿಟ್ಟೆಯ ಮರಿ. ಗಿಡ ದೊಡ್ಡದಿದ್ದರೆ ಬಿಟ್ಟುಬಿಡಿ, ನಾನಂತೂ ಬಿಡುತ್ತೇನೆ.

ಕೇಳಿದವರು: ನೋಡಿದೆ, ನಿಂಬೆಯ ಚಿಗುರೇ ಹಳದಿ, ನರ ಹಸಿರು. ಉಳಿದವುಗಳಲ್ಲಿ ಹಳೇ ಎಲೆ ಮಾತ್ರ. ಮಲ್ಲಿಗೆಯನ್ನು ಈಗ ಕತ್ತರಿಸಬಹುದಾ?

ಕಲಬುರಗಿಯಿಂದ: ಹಾಗಾದರೆ ಅನ್ನಭೇದಿ ನಿಂಬೆಗಷ್ಟೇ ಸಾಕು. ಮಲ್ಲಿಗೆ ಕತ್ತರಿಸುವ ಹೊತ್ತು ಸಂಕ್ರಾಂತಿ ಆಸುಪಾಸು. ಅದು ಹೂ ಬಿಡುವುದು ಹೊಸ ಚಿಗುರಿನಲ್ಲಿ, ಈಗ ಕತ್ತರಿಸಿದರೆ ಮೊಗ್ಗೂ ಹೋಗುತ್ತದೆ. ಒಣಗಿದ ಕಡ್ಡಿ ಮಾತ್ರ ತೆಗೆಯಿರಿ, ಬುಡಕ್ಕೆ ಒಂದು ಬೊಗಸೆ ಹಳೇ ತಿಪ್ಪೆಗೊಬ್ಬರ ಹಾಕಿ.