ನಡುರಾತ್ರಿ ಅಪರಿಚಿತರು ಬಾಗಿಲು ಬಡಿದಾಗ ಸುಮ್ಮನಿದ್ದುದು ಸರಿಯೆ?

ಪ್ರಶ್ನೆ: ಬ್ರಹ್ಮಪುರದ ಗೃಹಿಣಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದು ಇನ್ನೂ ಮನಸ್ಸಿನಿಂದ ಇಳಿದಿಲ್ಲವಾದ್ದರಿಂದ, ತಿಳಿದವರ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಓಣಿಯಲ್ಲಿರುವ, ಶಹಾಬಾದ್ ಕಲ್ಲು ಹಾಸಿದ ಸಣ್ಣ ಮನೆ. ಬಾಗಿಲು ನೇರವಾಗಿ ಓಣಿಗೇ ತೆರೆದುಕೊಳ್ಳುತ್ತದೆ. ಗೇಟಾಗಲಿ ಕಾಂಪೌಂಡಾಗಲಿ ಇಲ್ಲ. ಯಜಮಾನರು ನೌಕರಿಯ ನಿಮಿತ್ತ ಪುಣೆಯಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಾರೆ. ಮನೆಯಲ್ಲಿರುವವರು ನಾನು, ಎಪ್ಪತ್ತು ದಾಟಿದ ಅತ್ತೆ ಮತ್ತು ಏಳನೆಯ ತರಗತಿ ಮುಗಿಸಿರುವ ಮಗಳು. ಬೇಸಿಗೆಯಲ್ಲಿ ಎಲ್ಲರಂತೆ ನಾವೂ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಅತ್ತೆಯ ಮೊಣಕಾಲು ನೋವಿನಿಂದಾಗಿ ಈ ವರ್ಷ ಪಡಸಾಲೆಯಲ್ಲೇ ಕೂಲರ್ ಹಚ್ಚಿಕೊಂಡು ಮಲಗುತ್ತಿದ್ದೇವೆ. ಆ ರಾತ್ರಿ ಹನ್ನೆರಡೂ ಮುಕ್ಕಾಲರ ಸುಮಾರಿಗೆ ಯಾರೋ ಬಾಗಿಲಿನ ಕೊಂಡಿ ಬಡಿದರು. "ಮನ್ಯಾಗ ಯಾರದಾರ್ರೀ? ಸ್ವಲ್ಪ ಬಾಗಲ ತೆಗೀರಿ" ಎಂದು ಗಂಡಸಿನ ಧ್ವನಿ ಕೇಳಿಸಿತು. ಅದರ ಹಿಂದೆಯೇ ಒಬ್ಬ ಹೆಣ್ಣುಮಗಳು, "ಯವ್ವಾ, ಕೂಸಿನ ಮೈ ಸುಡ್ಲಾಕತ್ತದ, ಒಂದು ತಂಬಿಗಿ ನೀರರ ಕೊಡ್ರಿ" ಎಂದಳು. ನಾನು ಕೂಲರ್ ನಿಲ್ಲಿಸಿ, ಉರಿಯುತ್ತಿದ್ದ ಸಣ್ಣ ದೀಪವನ್ನೂ ಆರಿಸಿ, ಮಗಳ ಬಾಯಿಯ ಮೇಲೆ ಕೈಯಿಟ್ಟು ಕುಳಿತೆ. ಹತ್ತು ನಿಮಿಷ ಬಡಿದು ಅವರು ಹೊರಟುಹೋದರು. ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಮರುದಿನ ಹಿಂದಿನ ಓಣಿಯವರಿಂದ ನಿಜ ತಿಳಿಯಿತು. ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಗಂಡ ಹೆಂಡತಿ ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ತೋರಿಸಲೆಂದು ಬಂದು, ಸಂಬಂಧಿಕರ ಮನೆ ಸಿಗದೆ, ಮೊಬೈಲಿನ ಬ್ಯಾಟರಿಯೂ ಮುಗಿದು, ಒಂದರ ನಂತರ ಒಂದು ಬಾಗಿಲು ಬಡಿಯುತ್ತ ಒಂದೂವರೆಯವರೆಗೆ ಅಲೆದಿದ್ದರಂತೆ. ಮಗು ಈಗ ಆರಾಮಾಗಿದೆ. ಆದರೆ ಅತ್ತೆ, "ನೀರು ಕೇಳ್ದವರಿಗಿ ಇಲ್ಲಂದಿದ್ದು ನಮ್ಮ ಮನಿತನದಾಗ ಇಲ್ಲ" ಎಂದು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಯಜಮಾನರು ಫೋನಿನಲ್ಲಿ, ತೆಗೆಯದಿದ್ದುದೇ ಒಳ್ಳೆಯದಾಯಿತು, ಮುಂದೆಯೂ ತೆಗೆಯಬೇಡ ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿದೆಯೆಂದು ನನಗೆ ಅನ್ನಿಸುತ್ತದೆ. ಮತ್ತೆ ಹೀಗಾದರೆ ಏನು ಮಾಡಬೇಕು? ಬಂದವರು ನಾವು ಪೊಲೀಸರು ಎಂದರೆ ತೆರೆಯಲೇಬೇಕೆ? ದಯವಿಟ್ಟು ತಿಳಿಸಿ.

ಉತ್ತರ: ಜೇವರ್ಗಿ ರಸ್ತೆಯ ನಿವಾಸಿ, ಕಲಬುರಗಿ

ನೀವು ಮಾಡಿದ್ದು ಸರಿಯಾಗಿಯೇ ಇದೆ, ಅಕ್ಕಾ. ಒಳಗೆ ಮಗಳು ಮತ್ತು ವಯಸ್ಸಾದವರು ಇದ್ದಾಗ ಅಪರಿಚಿತರಿಗೆ ಬಾಗಿಲು ತೆರೆಯುವ ಹಂಗು ಯಾರಿಗೂ ಇಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಉತ್ತರ: ಸೇಡಂ ರಸ್ತೆಯಲ್ಲಿ ಒಬ್ಬಳೇ ವಾಸವಿರುವ ನರ್ಸ್, ಕಲಬುರಗಿ

ಬಾಗಿಲು ತೆರೆಯದಿದ್ದುದು ಸರಿ ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ದೀಪ ಆರಿಸಿ ಸುಮ್ಮನಿದ್ದುದು ಸರಿಯಲ್ಲವೆಂದು ಹೇಳಲೇಬೇಕಾಗಿದೆ. ಕೆಟ್ಟ ಉದ್ದೇಶದಿಂದ ಬಂದವನು ಕೊಂಡಿ ಬಡಿಯುವುದು ಎಷ್ಟೋ ಸಲ ಒಳಗೆ ಜನ ಇದ್ದಾರೆಯೋ ಇಲ್ಲವೋ ಎಂದು ತಿಳಿಯಲಿಕ್ಕೆ. ಉತ್ತರ ಬಾರದ ಮನೆಯನ್ನು ಅವನು ಖಾಲಿ ಮನೆಯೆಂದೇ ತಿಳಿಯುತ್ತಾನೆ. ನಿಜವಾಗಿ ಕಷ್ಟದಲ್ಲಿರುವವರಿಗೂ ಮೌನದಿಂದ ಏನೂ ಸಿಗುವುದಿಲ್ಲ. ಹೀಗೆ ಸುಮ್ಮನಿರುವುದರಿಂದ ಕಳ್ಳನಿಗೆ ಧೈರ್ಯ ಬರುತ್ತದೆ, ಕಷ್ಟದಲ್ಲಿದ್ದವನ ಧೈರ್ಯ ಹೋಗುತ್ತದೆ.

ನಾನು ರಾತ್ರಿ ಪಾಳಿ ಮುಗಿಸಿ ಬರುವವಳು. ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಆರು ವರ್ಷಗಳಿಂದ ಒಬ್ಬಳೇ ಇದ್ದೇನೆ. ಯಾರೇ ಬಡಿದರೂ ಮೊದಲು ಹೊರಗಿನ ದೀಪ ಹಚ್ಚುತ್ತೇನೆ, ಒಳಗಿನದನ್ನು ಹಚ್ಚುವುದಿಲ್ಲ. ಹಾಗೆ ಮಾಡಿದರೆ ನನಗೆ ಅವರು ಕಾಣುತ್ತಾರೆ, ಅವರಿಗೆ ನಾನು ಕಾಣುವುದಿಲ್ಲ. ಬಾಗಿಲಿಗೆ ಎದುರಾಗಿ ನಿಲ್ಲದೆ, ಗೋಡೆಯ ಬದಿಗೆ ನಿಂತು, ಅಕ್ಕಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ "ಯಾರ್ರೀ? ಯಾರ ಮನಿ ಬೇಕಾಗಿತ್ತು?" ಎನ್ನುತ್ತೇನೆ. ಧ್ವನಿ ನಡುಗಿದರೂ ಚಿಂತೆಯಿಲ್ಲ, ಜೋರಾಗಿ ಇರಬೇಕು ಅಷ್ಟೆ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂಬ ಅರ್ಥ ಬರುವ ಒಂದು ಮಾತನ್ನೂ ಆಡುವುದಿಲ್ಲ. ಅವರು ಹೆಸರು ಕೇಳಿದರೆ ನಮ್ಮ ಹೆಸರನ್ನು ನಾವಾಗಿ ಹೇಳುವುದೂ ಬೇಡ. ಯಾರನ್ನು ಹುಡುಕಿಕೊಂಡು ಬಂದಿದ್ದಾರೆ ಎಂಬುದನ್ನು ಅವರ ಬಾಯಿಯಿಂದಲೇ ಹೇಳಿಸಬೇಕು.

ಮಗುವಿಗೆ ಜ್ವರವೆಂದು ಕೇಳಿದಾಗ ಒಳಗಿನಿಂದಲೇ 108ಕ್ಕೆ ಕರೆ ಮಾಡಬಹುದಿತ್ತು. "ಆಂಬುಲೆನ್ಸ್‌ಗೆ ಫೋನ್ ಹಚ್ಚೀನಿ, ಅಲ್ಲೇ ಕಟ್ಟಿ ಮ್ಯಾಲ ಕೂಡ್ರಿ" ಎಂದು ಹೇಳಿದರೆ ಬಾಗಿಲು ಮುಚ್ಚಿದ್ದರೂ ಅವರಿಗೆ ಆಸರೆ ಸಿಕ್ಕಂತೆಯೇ. ನಿಜವಾದ ತೊಂದರೆ ಇದ್ದವರು ಅದಕ್ಕೆ ಒಪ್ಪುತ್ತಾರೆ. ಯಾವ ಸಹಾಯವನ್ನೂ ಒಪ್ಪದೆ ಬಾಗಿಲು ತೆಗೆಯಿರಿ ಎಂಬುದನ್ನೇ ಹಿಡಿದು ಕೂತವರನ್ನು ನಂಬಬಾರದು. ನನ್ನ ಅನುಭವದಲ್ಲಿ ಇಷ್ಟು ಸ್ಪಷ್ಟವಾಗಿ ಗುರುತು ಕೊಡುವ ಲಕ್ಷಣ ಬೇರೊಂದಿಲ್ಲ.

ಇನ್ನು ಅತ್ತೆಯವರ ಮಾತು. ಅದು ನನಗೆ ಬಹಳ ಮುಖ್ಯವೆನಿಸಿತು. ಶರಣಬಸವೇಶ್ವರರ ದಾಸೋಹದ ಹೆಸರಿನಲ್ಲಿ ಬದುಕುವ ಊರು ನಮ್ಮದು. ಕಲಬುರಗಿಯ ಬಿಸಿಲಿನಲ್ಲಿ ನೀರು ಕೇಳಿದವರಿಗೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಮನೆಯ ಒಡೆಯರು ಹೊರಗಿನ ಕಟ್ಟೆಯ ಮೇಲೆ ಒಂದು ಮಣ್ಣಿನ ಹರವಿ, ಅದರ ಮೇಲೆ ಸರಪಳಿ ಕಟ್ಟಿದ ಲೋಟ ಇಟ್ಟಿದ್ದಾರೆ. ಯಾವ ಹೊತ್ತಿನಲ್ಲಿ ಯಾರು ಕೇಳಿದರೂ "ಅಲ್ಲೇ ಹರವಿ ಅದ, ಕುಡೀರಿ" ಎಂದರೆ ಸಾಕಾಗುತ್ತದೆ. ನಿಮ್ಮ ಮನೆಗೆ ಕಟ್ಟೆ ಇದ್ದರೆ ಇದನ್ನು ನಾಳೆಯೇ ಮಾಡಬಹುದು.

ಉತ್ತರ: ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಯಾದಗಿರಿ

ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ನಾನು ಉತ್ತರಿಸುವುದು ಯೋಗ್ಯವೆಂದು ಬರೆಯುತ್ತಿದ್ದೇನೆ.

ಸಮವಸ್ತ್ರ ಕಂಡ ಮಾತ್ರಕ್ಕೆ ಚಿಲಕ ತೆಗೆಯಬೇಕಾಗಿಲ್ಲ. ಯಾವ ಠಾಣೆ, ಹೆಸರೇನು, ಯಾವ ಕೆಲಸಕ್ಕೆ ಬಂದಿರಿ ಎಂದು ಒಳಗಿನಿಂದಲೇ ಕೇಳಿ, ಗುರುತಿನ ಚೀಟಿಯನ್ನು ಕಿಟಕಿಯ ಬಳಿ ಹಿಡಿಯಲು ಹೇಳಿ, ನಂತರ 112ಕ್ಕೆ ಕರೆ ಮಾಡಿ "ನಮ್ಮ ಮನೆಗೆ ಇಂಥ ಠಾಣೆಯವರೆಂದು ಹೇಳಿಕೊಂಡು ಬಂದಿದ್ದಾರೆ, ಖಚಿತಪಡಿಸಿ" ಎನ್ನಿ. ನಿಜವಾದ ಪೊಲೀಸರು ಆ ನಾಲ್ಕು ನಿಮಿಷ ಕಾಯುತ್ತಾರೆ. ನಾನು ಸೇವೆಯಲ್ಲಿದ್ದಾಗ ಹೀಗೆ ಕೇಳಿದ ಹೆಣ್ಣುಮಕ್ಕಳ ಮೇಲೆ ಎಂದೂ ಸಿಟ್ಟಾಗಿಲ್ಲ. ಕೇಳದೆಯೇ ಬಾಗಿಲು ತೆರೆದವರನ್ನು ಕಂಡಾಗಲೇ ಚಿಂತೆಯಾಗುತ್ತಿತ್ತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನ ಪ್ರಕಾರ, ಅಸಾಧಾರಣ ಸಂದರ್ಭವನ್ನು ಬಿಟ್ಟು, ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯದ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭ ಇದ್ದರೂ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಸಲ್ಲಿಸಿ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬರಬೇಕು. ವಿಚಾರಣೆಗೆ ಠಾಣೆಗೆ ನಡೆಯಿರಿ ಎಂದರೆ, ಸಾಕ್ಷಿಯಾಗಿ ಕರೆಯುವ ವಿಷಯದಲ್ಲಿ ಮಹಿಳೆಯರನ್ನೂ 60 ವರ್ಷ ದಾಟಿದ ಪುರುಷರನ್ನೂ ಅವರು ವಾಸಿಸುವ ಸ್ಥಳವನ್ನು ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲವೆಂದು 179ನೇ ಕಲಂ ಹೇಳುತ್ತದೆ. ಮನೆ ಶೋಧಿಸುವುದಾದರೆ ಸ್ಥಳೀಯರಾದ ಇಬ್ಬರು ಗೌರವಸ್ಥ ಸಾಕ್ಷಿಗಳು ಇರಬೇಕು, ಶೋಧನೆಯನ್ನು ಆಡಿಯೋ ವಿಡಿಯೋ ರೂಪದಲ್ಲಿ ದಾಖಲಿಸಬೇಕು. ಆದರೆ ಗುರುತು ಖಚಿತವಾದ ಮೇಲೆ, ವಾರಂಟ್ ಹಿಡಿದು ಬಂದವರನ್ನು ತಡೆಯಬೇಡಿ. ಅದು ನಿಮಗೇ ತೊಡಕಾಗುತ್ತದೆ.

112ರ ಬಗ್ಗೆಯೂ ಒಂದು ಮಾತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ ಸಂಖ್ಯೆ. ಬ್ರಹ್ಮಪುರದಂಥ ಹಳೆಯ ಓಣಿಯಲ್ಲಿ ಮನೆಯ ಸಂಖ್ಯೆ ಹೇಳಿದರೆ ವಾಹನದವರಿಗೆ ತಕ್ಷಣ ತಿಳಿಯುವುದಿಲ್ಲ. ಹತ್ತಿರದ ಗುಡಿ, ಮಸೀದಿ, ಕಿರಾಣಿ ಅಂಗಡಿ, ಬೋರ್‌ವೆಲ್ ಯಾವುದಾದರೊಂದು ಗುರುತನ್ನು ಹೇಳಬೇಕು. ಭಯವಾದಾಗ ಸ್ವಂತ ಓಣಿಯ ಹೆಸರೂ ನೆನಪಾಗದೆ ತಡವರಿಸುವವರನ್ನು ನಾನು ನೋಡಿದ್ದೇನೆ. ಆದ್ದರಿಂದ ಆ ಗುರುತನ್ನೂ ಎದುರು ಮನೆಯವರ ಮೊಬೈಲ್ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಬರೆದು ಬಾಗಿಲಿನ ಒಳಬದಿಗೆ ಅಂಟಿಸಿ. ನಿಮ್ಮ ಮಗಳಿಗೂ ಬಾಯಿಪಾಠ ಮಾಡಿಸಿ.

ಜೆಸ್ಕಾಂನವರು, ಗ್ಯಾಸ್‌ನವರು ಎಂದು ಹೇಳಿಕೊಂಡು ಆ ಹೊತ್ತಿನಲ್ಲಿ ಯಾರಾದರೂ ಬಂದರೆ, ನೀವು ದೂರು ಕೊಟ್ಟಿರದಿದ್ದಲ್ಲಿ ತೆರೆಯುವ ಪ್ರಶ್ನೆಯೇ ಇಲ್ಲ. ವಿದ್ಯುತ್ತಿನ ವಿಷಯವಾದರೆ 1912ಕ್ಕೆ ಕೇಳಬಹುದು.

ಬಾಗಿಲು ಒಡೆಯಲು ಹೊರಟರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಮನೆ ಒಡೆದು ನುಗ್ಗುವವರ ವಿರುದ್ಧ ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ವಿಶೇಷವಾಗಿ ಮಾನ್ಯ ಮಾಡಿದೆ. ರಕ್ಷಣೆಗೆ ಅಗತ್ಯವಿದ್ದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬ ಮಿತಿಯೂ ಅದರಲ್ಲೇ ಇದೆ. ಬರೀ ಬಾಗಿಲು ಬಡಿದವನು ಯಾವ ಅಪರಾಧವನ್ನೂ ಮಾಡಿಲ್ಲ ಎಂಬುದನ್ನು ಮರೆಯಬಾರದು. ನಿಮ್ಮಂಥವರು ಎದುರಿಸಲು ಹೋಗಬಾರದು. ಒಳಕೋಣೆಗೆ ಸರಿದು, ಅಗಳಿ ಹಾಕಿಕೊಂಡು, ಕೂಗಿ ಓಣಿಯನ್ನು ಎಬ್ಬಿಸಬೇಕು. ಮಾಳಿಗೆಯ ಮೆಟ್ಟಿಲು ಒಳಗಿನಿಂದಲೇ ಇದ್ದರೆ ಇನ್ನೂ ಒಳ್ಳೆಯದು. ಮೇಲೆ ಹತ್ತಿ ಕೂಗಿದರೆ ಬೇಸಿಗೆಯಲ್ಲಿ ಅರ್ಧ ಓಣಿ ಅಲ್ಲಿಯೇ ಮಲಗಿರುತ್ತದೆ.

ಉತ್ತರ: ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ರೈತ

ಪೇಟೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬಾಗಿಲು ಬಡಿದ ಶಬ್ದವೆಂದರೆ ಅಪಾಯವೇ ಬಂತು ಎಂದು ತಿಳಿಯಬಾರದೆಂಬುದಕ್ಕೆ ನಮ್ಮೂರಿನ ಮಾತು ಹೇಳುತ್ತೇನೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಬಂದಾಗ ಭೀಮೆ ದಂಡೆ ಮೀರಿ ಹರಿದಳು. ನಮ್ಮ ಬಾಗಿಲನ್ನು ಆ ರಾತ್ರಿ ಬಡಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. "ನೀರು ಬರ್ಲಾಕತ್ತದ, ಏಳ್ರಿ, ದನ ಬಿಡ್ರಿ" ಎಂದು ಕೂಗುತ್ತ ಮುಂದಿನ ಮನೆಗೆ ಓಡಿದರು. ನಾವು ಎದ್ದು ಮಕ್ಕಳನ್ನೂ ಎರಡು ಎತ್ತುಗಳನ್ನೂ ಎತ್ತರದ ಶಾಲೆಗೆ ಸಾಗಿಸಿದೆವು. ಜೋಳದ ಚೀಲಗಳು ಹೋದವು, ಜೀವ ಉಳಿದವು. ಆ ರಾತ್ರಿ ನಾನು ದೀಪ ಆರಿಸಿ ಸುಮ್ಮನೆ ಮಲಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲೂ ಮನಸ್ಸಾಗುವುದಿಲ್ಲ. ಬಾಗಿಲು ತೆರೆಯಿರಿ ಎಂದು ನಾನು ಹೇಳುವುದಿಲ್ಲ, ಅಕ್ಕಾ. ಬಡಿದವರು ಏನು ಹೇಳುತ್ತಿದ್ದಾರೆ ಎಂಬುದನ್ನು ಪೂರ್ತಿ ಕೇಳಿರಿ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಬೀದರ್

ಮೇಲಿನ ಎಲ್ಲ ಉತ್ತರಗಳ ನಡುವೆ ಒಂದು ವಿಷಯ ಉಳಿದುಹೋಗಿದೆ. ಓಣಿಯನ್ನು ಕೂಗಿ ಎಬ್ಬಿಸುವ ಸಲಹೆ ಸರಿಯಾದದ್ದೇ, ಆದರೆ ಎದ್ದು ಬಂದ ಜನರಿಗೆ ನಾವು ಏನು ಹೇಳುತ್ತೇವೆ ಎಂಬುದರ ಮೇಲೆ ಹೊರಗೆ ನಿಂತವರ ಜೀವ ನಿಂತಿರುತ್ತದೆ. 2018ರ ಜುಲೈನಲ್ಲಿ ನಮ್ಮ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿದ್ದ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವನೂ ಅವನ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ತಡೆಯಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ಸುದ್ದಿ ಬಂದ ದಿನ ನಾನು ತರಗತಿಯಲ್ಲಿ ಪಾಠ ಮಾಡಲಾಗದೆ ಕುಳಿತಿದ್ದೆ. ಹಾಗೆ ಮಾಡಿದವರೂ ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ಮೂರು ಬಾಗಿಲು ಬಡಿದು ಹೋದವರ ಬಗ್ಗೆ, ಕಿಟಕಿಯಿಂದ ತೆಗೆದ ಫೋಟೊ ಹಾಕಿ, "ಎಚ್ಚರ, ಕಳ್ಳರು ತಿರುಗುತ್ತಿದ್ದಾರೆ" ಎಂದು ಓಣಿಯ ಗುಂಪಿಗೆ ಕಳುಹಿಸಬೇಡಿ. ಕಂಡದ್ದನ್ನು 112ಕ್ಕೆ ಹೇಳಿ. ಪಕ್ಕದ ಮನೆಯವರಿಗೆ ಹೇಳುವುದಾದರೆ "ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಯಾರೆಂದು ಸ್ವಲ್ಪ ವಿಚಾರಿಸಿರಿ" ಎಂದಷ್ಟೇ ಹೇಳಿ. "ಕಳ್ಳ" ಎಂಬ ಪದವನ್ನು ನೋಡದೆ, ತಿಳಿಯದೆ ಬಾಯಿಗೆ ತರಬೇಡಿ. ನಿಮ್ಮ ಮನೆಯ ಮುಂದೆ ನಿಂತಿದ್ದ ಆ ಆಳಂದದ ತಂದೆಯ ಕೈಯಲ್ಲಿ ಜ್ವರದ ಮಗುವಿತ್ತು. ಅವನೂ ಆ ಓಣಿಗೆ ಅಪರಿಚಿತನೇ ಆಗಿದ್ದನು.

ಮರುಬರಹ: ಬ್ರಹ್ಮಪುರದ ಗೃಹಿಣಿ, ಕಲಬುರಗಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಬೀದರಿನ ಗುರುಗಳ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಿಜ ಹೇಳಬೇಕೆಂದರೆ, ಆ ರಾತ್ರಿಯೇ ನಮ್ಮ ಓಣಿಯ ಗುಂಪಿಗೆ "ಯಾರೋ ಬಂದಿದ್ದಾರೆ, ಹುಷಾರ್" ಎಂದು ಬರೆದು, ಕಳುಹಿಸದೆ ಅಳಿಸಿದ್ದೆ. ಕಳುಹಿಸಿದ್ದರೆ ಏನಾಗುತ್ತಿತ್ತೆಂದು ಈಗ ಎದೆ ನಡುಗುತ್ತದೆ.

ನಿನ್ನೆ ಬಾಗಿಲಿನ ಮೇಲಿನ ಹೊರದೀಪಕ್ಕೆ ಪಡಸಾಲೆಯಲ್ಲೇ ಸ್ವಿಚ್ ಹಾಕಿಸಿದೆ. ಇಷ್ಟು ದಿನ ಅದು ಹೊರಗೆ ಕಟ್ಟೆಯ ಬದಿಗೇ ಇತ್ತು. ಎದುರು ಮನೆಯ ಅಣ್ಣನವರ ಸಂಖ್ಯೆಯನ್ನೂ ಹನುಮಾನ ಗುಡಿಯ ಗುರುತನ್ನೂ ಮಗಳೇ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾಳೆ. ಹರವಿಯ ಮಾತನ್ನು ಅತ್ತೆಗೆ ಓದಿ ಹೇಳಿದಾಗ ಅವರು ಮಾರನೆಯ ಬೆಳಿಗ್ಗೆಯೇ ಕುಂಬಾರರಿಗೆ ಹೇಳಿಕಳಿಸಿದರು. ಮೊಣಕಾಲು ಹಿಡಿದುಕೊಂಡೇ ಕಟ್ಟೆಯ ಮೇಲೆ ಮರಳು ಹಾಕಿ, ಹರವಿ ಕೂಡಿಸಿ, ತಾವೇ ನೀರು ತುಂಬಿಸಿದರು.

ಹಿಂದಿನ ಓಣಿಯ ಆ ಸಂಬಂಧಿಕರ ಮನೆಗೂ ಹೋಗಿ ಬಂದೆ. ಮಗುವಿನ ತಾಯಿ ಊರಿಗೆ ಮರಳಿದ್ದಳು, ಆದ್ದರಿಂದ ಫೋನಿನಲ್ಲಿ ಮಾತನಾಡಿದೆ. ಒಳಗೆ ನಾನು ಎಚ್ಚರವಾಗಿದ್ದೆ, ಹೆದರಿ ಸುಮ್ಮನಿದ್ದೆ ಎಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಂತರ, "ನಾನಿದ್ರೂ ತೆಗೀತಿದ್ದಿಲ್ರಿ ಅಕ್ಕ, ಖರೇ ಒಂದು ಮಾತರ ಅಂದಿದ್ರ ಚಲೋ ಇತ್ತು" ಎಂದಳು.