ಮಗಳಿಗೆ ಗಣಿತ ಟೀಚರ್ ಆಗಬೇಕಂತೆ. ಪಿಯುಸಿ ಆದಮೇಲೆ ಎಲ್ಲಿಗೆ ಸೇರಿಸಲಿ?

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರು ಕಡೆಯವರು. ಎರಡೂವರೆ ಎಕರೆ ತೆಂಗು ಇದೆ, ಜೊತೆಗೆ ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 98 ಬಂದಿತ್ತು. ಇಂಜಿನಿಯರಿಂಗ್ ಬೇಡ, ನೀಟ್ ಬೇಡ, ಸ್ಕೂಲಲ್ಲಿ ಗಣಿತ ಹೇಳಿಕೊಡಬೇಕು ಅನ್ನುತ್ತಾಳೆ.

ಮನೆಯಲ್ಲಿ ಒಪ್ಪಿದವಳು ನಾನೊಬ್ಬಳೇ. ನಮ್ಮೆಜಮಾನರು ಬೇಡ ಅನ್ನಲ್ಲ, ಹೂಂ ಅಂತಲೂ ಅನ್ನಲ್ಲ. ಗೌರಿ ಹಬ್ಬಕ್ಕೆ ಬಂದ ಭಾವನವರು, "ಟೀಚರ್ ಆಗೋಕೆ ಪಿಸಿಎಂಬಿ ಯಾಕೆ ಬೇಕಿತ್ತು, ಆರ್ಟ್ಸ್ ಓದಿದ್ರೆ ಟ್ಯೂಷನ್ ದುಡ್ಡಾದ್ರೂ ಉಳೀತಿತ್ತು" ಅಂದರು. ಅವಳು ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ನಾನು ಯಾಕೆ ಒಪ್ಪಿದೆ ಅಂತ ಹೇಳಿಬಿಡುತ್ತೇನೆ. ಪಕ್ಕದ ಮನೆ ಹುಡುಗ ಆರನೇ ಕ್ಲಾಸು. ಸಂಜೆ ನಮ್ಮ ಜಗಲಿಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾನೆ. ಒಂದು ದಿನ 1/2 + 1/3 = 2/5 ಅಂತ ಬರೆದಿದ್ದ. ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಕೂಡಿಸಿದ್ದ. ನಾನಾಗಿದ್ದರೆ ಅದರ ಮೇಲೆ ಗೀಟು ಎಳೆದು, ಲ.ಸಾ.ಅ. ತೆಗಿ ಅನ್ನುತ್ತಿದ್ದೆ. ಇವಳು ತಪ್ಪು ಅಂತಲೇ ಹೇಳಲಿಲ್ಲ. "ಮೊದಲು ಅರ್ಧ ಚಪಾತಿ ತಿಂದೆ. ಆಮೇಲೆ ಇನ್ನೂ ಸ್ವಲ್ಪ ತಿಂದೆ. ಒಟ್ಟು ತಿಂದಿದ್ದು ಅರ್ಧಕ್ಕಿಂತ ಜಾಸ್ತಿನೋ ಕಮ್ಮಿನೋ?" ಅಂದಳು. ಜಾಸ್ತಿ ಅಂದ. "ಹಂಗಾದ್ರೆ ನಿನ್ನ 2/5 ಚಪಾತಿ ಬರೆದು ತೋರಿಸು." ಅವನು ಚಪಾತಿ ಬರೆದು ಐದು ಪಾಲು ಮಾಡಿದ, ಎರಡಕ್ಕೆ ಪೆನ್ಸಿಲ್ ಉಜ್ಜಿದ. ಸುಮಾರು ಹೊತ್ತು ನೋಡಿ, "ಅಕ್ಕಾ, ತಿಂದಷ್ಟೂ ಕಮ್ಮಿ ಆಗೋಯ್ತು!" ಅಂದ. ಆಮೇಲೆ ತಾನೇ ರಬ್ಬರ್ ತಗೊಂಡ. ನಾನು ಹೊಲಿಗೆ ಮೆಷಿನ್ ನಿಲ್ಲಿಸಿ ನೋಡುತ್ತಿದ್ದೆ.

ಈಗ ಕೇಳಬೇಕಾಗಿರೋದು ಇಷ್ಟು. ಇಲ್ಲೇ ಬಿ.ಎಸ್ಸಿ. ಮಾಡಿಸಿ ಆಮೇಲೆ ಬಿ.ಎಡ್. ಮಾಡಿಸಲಾ? ಮೈಸೂರಲ್ಲಿ ನಾಲ್ಕೇ ವರ್ಷಕ್ಕೆ ಎರಡೂ ಮುಗಿಯುತ್ತದೆ ಅಂತಾರಲ್ಲ, ಅದಕ್ಕೆ ಕಳಿಸಲಾ? ಪಿಯುಸಿ ಆದ ತಕ್ಷಣ ಡಿ.ಎಡ್. ಮಾಡಿದರೆ ಬೇಗ ಕೆಲಸ ಅಂತ ಇನ್ನೊಬ್ಬರು ಹೇಳಿದರು. ಹಾಸ್ಟೆಲ್ಲೂ ಸೇರಿ ವರ್ಷಕ್ಕೆ ಒಂದು ಲಕ್ಷದ ಮೇಲೆ ನಮ್ಮ ಕೈಲಿ ಆಗಲ್ಲ.

ಗಂಗೋತ್ರಿ ಹಳೇ ಹುಡುಗಿ

ಅಮ್ಮಾ, ನಾನು ಓದಿದ್ದು ಅಲ್ಲೇ, ಮಾನಸಗಂಗೋತ್ರಿಯ ಆರ್‌ಐಇಯಲ್ಲಿ. ಪೂರ್ತಿ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಶಾಲಾ ಪಠ್ಯಪುಸ್ತಕ ಮಾಡುವ ಕೇಂದ್ರದ ಎನ್‌ಸಿಇಆರ್‌ಟಿಯದ್ದು, 1963ರಿಂದ ಇದೆ. ಸರ್ಕಾರಿ ಸಂಸ್ಥೆ ಆದ್ದರಿಂದ ನೀವು ಹೇಳಿದ ಲೆಕ್ಕದೊಳಗೇ ಆಗಬೇಕು.

ಬಿ.ಎಸ್ಸಿ., ಬಿ.ಎಡ್. ಎರಡೂ ಸೇರಿ ನಾಲ್ಕು ವರ್ಷ. ಬೇರೆ ಬೇರೆ ಮಾಡಿದರೆ ಮೂರು ಮತ್ತು ಎರಡು, ಒಟ್ಟು ಐದು. ಒಂದು ವರ್ಷ ಉಳಿಯುತ್ತದೆ ಅನ್ನೋದಕ್ಕಿಂತ ನನಗೆ ಉಪಯೋಗವಾಗಿದ್ದು ಕ್ಯಾಂಪಸ್ಸಿನೊಳಗೇ ಇರುವ ಸ್ಕೂಲು. ಡೆಮಾನ್‌ಸ್ಟ್ರೇಷನ್ ಸ್ಕೂಲ್ ಅಂತಾರೆ, ಟೀಚರ್ ಆಗುವವರು ಪಾಠ ನೋಡಿ ಕಲಿಯೋಕೆ. ಬೆಳಗ್ಗೆ ನಾವು ಕ್ಯಾಲ್ಕುಲಸ್ ಕ್ಲಾಸಿಗೆ ಹೋಗುವ ದಾರಿಯಲ್ಲಿ ಆ ಮಕ್ಕಳು ಪ್ರಾರ್ಥನೆಗೆ ನಿಂತಿರುತ್ತಿದ್ದರು. ಕ್ಲಾಸಿನಲ್ಲಿ ಕೇರಳ, ತಮಿಳುನಾಡು, ಆಂಧ್ರದವರೆಲ್ಲ ಇರುತ್ತಾರೆ. ಮೊದಲ ವರ್ಷ ನನ್ನ ಇಂಗ್ಲಿಷು ತಡವರಿಸಿತು, ಅಳುವೂ ಬಂತು. ಎರಡನೇ ವರ್ಷಕ್ಕೆ ನಾನೇ ಮಲಯಾಳಿ ರೂಮ್‌ಮೇಟಿಗೆ ಕನ್ನಡ ಕಲಿಸುತ್ತಿದ್ದೆ.

ನಮ್ಮ ಕಾಲಕ್ಕೆ ಸೇರೋಕೆ ಅವರದ್ದೇ ಸಿಇಇ ಅನ್ನೋ ಪ್ರವೇಶ ಪರೀಕ್ಷೆ ಇತ್ತು. ಈಗ ಈ ನಾಲ್ಕು ವರ್ಷದ ಕೋರ್ಸಿಗೆ ಐಟೆಪ್ ಅಂತ ಹೆಸರು. ಅದಕ್ಕೆ ಎನ್‌ಟಿಎ (ನೀಟ್ ನಡೆಸುವ ಕೇಂದ್ರದ ಸಂಸ್ಥೆ) ನಡೆಸುವ ಎನ್‌ಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡು ಭಾಷೆ, ಮೂರು ವಿಷಯ, ಸಾಮಾನ್ಯ ಜ್ಞಾನ ಮತ್ತು ಪಾಠ ಮಾಡುವ ಒಲವನ್ನು ನೋಡುವ ಒಂದು ಭಾಗ. ಕನ್ನಡದಲ್ಲೂ ಬರೆಯಬಹುದು. ವಿಷಯಕ್ಕೆ ಹೊಸದಾಗಿ ಓದಬೇಕಿಲ್ಲ, ಅವಳ ಪಿಯು ಸೈನ್ಸ್ ಪುಸ್ತಕವೂ ಎನ್‌ಸಿಇಆರ್‌ಟಿಯದ್ದೇ ಅಲ್ವಾ. ಆದರೆ ಅರ್ಜಿಯ ದಿನ ತಪ್ಪಿಸಿಕೊಳ್ಳಬೇಡಿ. ಪಿಯು ಪರೀಕ್ಷೆಯ ಗಲಾಟೆಯಲ್ಲೇ ಬಂದು ಹೋಗಿಬಿಡಬಹುದು, ಪ್ರತಿ ವರ್ಷ ದಿನಾಂಕ ಬೇರೆ. ಫೆಬ್ರವರಿಯಿಂದಲೇ ವೆಬ್‌ಸೈಟ್ ನೋಡುತ್ತಿರಿ.

ಬೆಂಗಳೂರಿನ ಸರ್ಜಾಪುರದ ಹತ್ತಿರ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಬಿ.ಎಸ್ಸಿ.ಬಿ.ಎಡ್. ಇದೆ. ಫೀಸು ನೋಡಿ ಗಾಬರಿಯಾಗಬೇಡಿ, ಮನೆಯ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡುತ್ತಾರೆ. ಪ್ರವೇಶ ಹೇಗೆ ಅಂತ ಅವರ ವೆಬ್‌ಸೈಟಲ್ಲೇ ನೋಡಿಕೊಳ್ಳಿ. ಎರಡಕ್ಕೂ ಹಾಕಿ.

ಹಾವೇರಿ ಮಾಸ್ತರ

ಅಕ್ಕಾರ, ನಾನು ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ ಹೇಳುವವ. ಡಿ.ಎಡ್. ವಿಚಾರ ಮೊದಲು ಮುಗಿಸೋಣ. ಈಗ ಅದಕ್ಕೆ ಡಿ.ಎಲ್.ಎಡ್. ಅಂತಾರ. ಒಂದರಿಂದ ಐದನೇ ತರಗತಿಗೆ ಅದೇ ಬೇಕು. ಅಲ್ಲಿಗೆ ಬಿ.ಎಡ್. ನಡೆಯಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಸಣ್ಣ ಮಕ್ಕಳು ಇಷ್ಟ ಇದ್ದವರಿಗೆ ಚಲೋ ದಾರಿ. ಆದರೆ ಬರೀ ಅದನ್ನೇ ಮಾಡಿ ನಿಂತರೆ ನಿಮ್ಮ ಹುಡುಗಿಗೆ ಹೈಸ್ಕೂಲಿನ ಬೀಜಗಣಿತ ಕೈಗೆ ಸಿಗಲ್ಲ.

ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್. ಬೇಕು. ಆರರಿಂದ ಎಂಟಕ್ಕೆ ಅದರ ಜೊತೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪೇಪರ್ ಪಾಸಾಗಿರಬೇಕು. 150ಕ್ಕೆ 90, ಮೀಸಲಾತಿ ಇದ್ದವರಿಗೆ ಇನ್ನೂ ಸ್ವಲ್ಪ ಕಡಿಮೆ. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಕೆಲಸ ಬೇಗ ಅಂತ ಯಾರಾದರೂ ಅಂದರೆ ನಂಬಬೇಡಿ. 2022ರಲ್ಲಿ 15,000 ಹುದ್ದೆಗೆ ಕರೆದರು. ಪೂರ್ತಿ ತುಂಬಲೇ ಇಲ್ಲ. ಆಯ್ಕೆಯಾದವರೂ ಕೋರ್ಟು ಕೇಸಿನಲ್ಲಿ ಸಿಕ್ಕಿ ಮರುವರ್ಷದವರೆಗೆ ಕಾದರು. ಅಲ್ಲಿಯವರೆಗೆ ಅತಿಥಿ ಶಿಕ್ಷಕ, ತಿಂಗಳಿಗೆ ಹತ್ತು-ಹನ್ನೆರಡು ಸಾವಿರ, ಅದೂ ತಿಂಗಳು ತಿಂಗಳು ಬಂದರೆ.

ಈಗ ನನ್ನ ಕಥೆ. ನಾನು ಸೇರಿದ ಬಿ.ಎಡ್. ಕಾಲೇಜಿನ ಹೆಸರು ಬೇಡ. ಫೀಸು ಕಟ್ಟಿದ ದಿನವೇ "ದಿನಾ ಬರಬೇಕಂತೇನಿಲ್ಲ" ಅಂದರು. ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಪಾಠ ಯೋಜನೆಗಳನ್ನು ಸೀನಿಯರ್ ಪುಸ್ತಕ ನೋಡಿ ಕಾಪಿ ಮಾಡಿದೆವು. ಗೆಳೆಯರನ್ನೇ ಮಕ್ಕಳಂತೆ ಕೂರಿಸಿ ಪಾಠ ಮಾಡಿದೆವು. ಅವರಿಗೆ ಉತ್ತರ ಮೊದಲೇ ಗೊತ್ತಿತ್ತಲ್ಲ! ಕೆಲಸಕ್ಕೆ ಸೇರಿದ ಮೊದಲ ದಿನ ಏಳನೇ ತರಗತಿಗೆ 40 ನಿಮಿಷದ ಪಾಠ 12 ನಿಮಿಷಕ್ಕೆ ಮುಗಿಯಿತು. ಸೀಮೆಸುಣ್ಣ ಹಿಡಿದು ನಿಂತಿದ್ದೆ. ಹಿಂದಿನ ಸಾಲಿನ ಹುಡುಗಿ "ಸರ, ಮುಗೀತ್ರಿ?" ಅಂತ ಕೇಳಿದಳು.

ಅದಕ್ಕೇ ಹೇಳೋದು, ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲೆಗೆ ಹೋಗಬೇಕು ಅಂತ ನಿಯಮ ಇದೆ. ಯಾವ ಶಾಲೆಗೆ ಕಳಿಸ್ತೀರಿ, ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವವರು ಯಾರು, ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಶಿಕ್ಷಕರ ತರಬೇತಿ ಕಾಲೇಜುಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಎನ್‌ಸಿಟಿಇಯ ಮಾನ್ಯತೆ ಆ ವರ್ಷಕ್ಕೂ ಇದೆಯೇ ಅನ್ನೋದನ್ನೂ ನೋಡಿಕೊಳ್ಳಿ.

ತಿಪಟೂರಿನ ಅಮ್ಮ

ಮೇಷ್ಟ್ರೇ, ನಿಮ್ಮದನ್ನು ಗಟ್ಟಿಯಾಗಿ ಓದಿದೆ. "ಸರ, ಮುಗೀತ್ರಿ" ಅನ್ನೋ ಹೊತ್ತಿಗೆ ಮಗಳು ನಕ್ಕಳು. ಆಮೇಲೆ "ನಂಗೂ ಹಂಗೇ ಆದ್ರೆ?" ಅಂತ ಸುಮ್ಮನಾದಳು. ಮೈಸೂರಿನ ಸೀಟು ಸಿಗದಿದ್ದರೆ ಏನು ಮಾಡೋದು, ಅದನ್ನೂ ಯಾರಾದರೂ ಹೇಳಿ.

ಪಿಯು ಲೆಕ್ಚರರ್, ತುಮಕೂರು

ಸಿಗದಿದ್ದರೆ ಊರಲ್ಲೇ ಬಿ.ಎಸ್ಸಿ. ಮಾಡಿಸಿ ಮೇಡಂ. ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರನ್ನೂ ಬಿಡದೆ ತಗೊಳ್ಳಲಿ. ನೇಮಕಾತಿಯಲ್ಲಿ ಡಿಗ್ರಿಯ ವಿಷಯ ನೋಡುತ್ತಾರೆ. ಪಕ್ಕದಲ್ಲಿ ಕಂಪ್ಯೂಟರ್ ಸೈನ್ಸ್ ಚೆನ್ನಾಗಿದೆ ಅಂತ ಒಂದು ವಿಷಯ ಬಿಟ್ಟುಕೊಟ್ಟವರು ನನ್ನ ಹತ್ತಿರ ಬಂದು ಗೋಳಾಡಿದ್ದಾರೆ. ಬಿ.ಎಡ್. ಸರ್ಕಾರಿ ಕೋಟಾಕ್ಕೆ ಬೇರೆ ಪರೀಕ್ಷೆ ಇಲ್ಲ, ಡಿಗ್ರಿ ಅಂಕದ ಮೇಲೆ ಸೀಟು. ಹಾಗಾಗಿ ಮೊದಲ ಸೆಮಿಸ್ಟರಿಂದಲೇ ಅಂಕ ಕಾಯ್ದುಕೊಳ್ಳಬೇಕು.

ಇನ್ನೊಂದು ಮಾತು, ಸ್ವಲ್ಪ ಕಹಿ. ಜಗಲಿಯಲ್ಲಿ ಒಬ್ಬ ಹುಡುಗನಿಗೆ ಹೇಳಿಕೊಡೋದು ಬೇರೆ, ಐವತ್ತು ಜನರ ಮುಂದೆ ನಿಲ್ಲೋದು ಬೇರೆ. ನನ್ನ ತಂಗಿ ಖಾಸಗಿ ಶಾಲೆಯಲ್ಲಿ 14,000ಕ್ಕೆ ದುಡಿಯುತ್ತಾಳೆ. ಪಾಠಕ್ಕಿಂತ ಜಾಸ್ತಿ ಹೊತ್ತು ವಾಟ್ಸಾಪ್ ಗ್ರೂಪಲ್ಲಿ ಪೋಷಕರಿಗೆ ಉತ್ತರ ಕೊಡುತ್ತಾಳೆ. ಅದಕ್ಕೆ ಎಂ.ಎಸ್ಸಿ. ಬಾಗಿಲು ತೆರೆದಿಟ್ಟಿರಿ. 55 ಪರ್ಸೆಂಟ್ ಎಂ.ಎಸ್ಸಿ. ಜೊತೆ ಬಿ.ಎಡ್. ಇದ್ದರೆ ಪಿಯು ಲೆಕ್ಚರರ್ ಹುದ್ದೆಗೂ ಹಾಕಬಹುದು. ಮುಂದೆ ಕೆ-ಸೆಟ್ (ಡಿಗ್ರಿ ಕಾಲೇಜಿನ ಅಧ್ಯಾಪಕರಿಗೆ ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾದರೆ ಡಿಗ್ರಿ ಕಾಲೇಜಿಗೂ ಹಾಕಬಹುದು.

ತಿಪಟೂರಿನ ಅಮ್ಮ

ಎಲ್ಲರದ್ದನ್ನೂ ಒಂದು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದುಕೊಂಡಿದ್ದೇವೆ. ಎನ್‌ಸಿಇಟಿ ಬರೆಯೋದು, ಸರ್ಜಾಪುರಕ್ಕೂ ಹಾಕೋದು, ಎರಡೂ ಆಗದಿದ್ದರೆ ಇಲ್ಲೇ ಪಿಸಿಎಂ. ಲೆಕ್ಚರರ್ ಸರ್ ಹೇಳಿದ್ದಕ್ಕೆ ಮಗಳು ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಭಾನುವಾರ ಜಗಲಿಗೆ ಇನ್ನೂ ನಾಲ್ಕು ಹುಡುಗರನ್ನು ಕರೆದಳು. ಇಬ್ಬರು ಜಗಳ ಆಡಿದರು, ಒಬ್ಬ ನಮ್ಮ ಕೊಬ್ಬರಿ ತಿಂದ. ಗಂಟಲು ಕಟ್ಟಿಕೊಂಡು ಒಳಗೆ ಬಂದು, "ಅಮ್ಮ, ಐದಕ್ಕೇ ಹಿಂಗೆ" ಅಂದಳು. ಬುಧವಾರಕ್ಕೆ ಮತ್ತೆ ಬನ್ನಿ ಅಂತ ಅವರಿಗೆ ಹೇಳಿದ್ದಾಳಂತೆ.

ನಮ್ಮೆಜಮಾನರು ರಾತ್ರಿ ಆ ಹಾಳೆ ಓದಿದರು. ಏನೂ ಹೇಳಲಿಲ್ಲ. ಬೆಳಗ್ಗೆ ಅಟ್ಟದ ಮೇಲಿಂದ, "ಅರಸೀಕೆರೆಯಿಂದ ಮೈಸೂರಿಗೆ ರೈಲು ಎಷ್ಟೊತ್ತಿಗೆ, ನೋಡು" ಅಂತ ಕೂಗಿದರು. ಗೊತ್ತಿದ್ದವರು ಹೇಳಿ, ಶನಿವಾರ ಹೊರಡಬೇಕು.